ದಾನದ ರಕ್ತಕ್ಕೂ ಅವಧಿಯುಂಟು

ರಕ್ತದಾನ ಶಿಬಿರದ ಸಾರ್ಥಕತೆಯನ್ನು ದಾನಿಗಳ ಸಂಖ್ಯೆಯಿಂದ ಮಾತ್ರ ಅಳೆಯಲಾಗದು. ಸಂಗ್ರಹಿಸಿದ ರಕ್ತದ ಗುಣಮಟ್ಟವು ಅದರ ಸಂಸ್ಕರಣೆ ಹಾಗೂ ಶೇಖರಣೆಯನ್ನು ಅವಲಂಬಿಸಿರುತ್ತದೆ.

ಕೆಂಪು ರಕ್ತಕಣಗಳು ಚೀಲದೊಳಗೂ ಜೀವಂತವಾಗಿದ್ದು, ಗ್ಲೂಕೋಸಿನಿಂದ ಶಕ್ತಿ ಪಡೆಯುತ್ತವೆ. ಆದ್ದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್‌ನೊಂದಿಗೆ ಗ್ಲೂಕೋಸ್, ಫಾಸ್ಫೇಟ್ ಹಾಗೂ ಅಡೆನಿನ್ ಇರುವ ದ್ರಾವಣವನ್ನು ಚೀಲದಲ್ಲಿ ಮೊದಲೇ ತುಂಬಿರಲಾಗುತ್ತದೆ. ಇದರಲ್ಲಿ ರಕ್ತವನ್ನು 35 ದಿನ ಇಡಬಹುದು. ಪ್ಲಾಸ್ಮಾ ಬೇರ್ಪಡಿಸಿ, ಕೆಂಪುಕಣಗಳಿಗೆ ಹೆಚ್ಚುವರಿ ಪೋಷಕ ದ್ರಾವಣ ಸೇರಿಸಿದರೆ ಈ ಅವಧಿ 42 ದಿನಗಳಿಗೆ ಏರುತ್ತದೆ.

ಶೇಖರಣೆಯ ಉಷ್ಣತೆ 2ರಿಂದ 6 ಡಿಗ್ರಿ ಸೆಲ್ಸಿಯಸ್ ಇರಬೇಕು. ಉಷ್ಣತೆ ಏರಿದರೆ ಕಣಗಳು ಬೇಗ ಕ್ಷೀಣಿಸುತ್ತವೆ, ರೋಗಾಣುಗಳೂ ಬೆಳೆಯಬಹುದು. ರಕ್ತ ಮಂಜುಗಡ್ಡೆಯಾದರೆ ಕಣಗಳು ಒಡೆಯುತ್ತವೆ. ಸರಿಯಾದ ತಂಪಿನಲ್ಲಿಟ್ಟರೂ ದಿನ ಕಳೆದಂತೆ ಕಣಗಳು ಬಿರುಸಾಗುತ್ತವೆ, ಅವುಗಳಿಂದ ಪೊಟ್ಯಾಸಿಯಂ ಸೋರುತ್ತದೆ. ಅವಧಿಯೊಳಗಿನ ರಕ್ತ ಬಳಕೆಗೆ ಯೋಗ್ಯವಾಗಿದ್ದು, ಅವಧಿ ಮೀರಿದುದನ್ನು ವಿಲೇವಾರಿ ಮಾಡಲೇಬೇಕು.

ಒಮ್ಮೆ ರಕ್ತ ನೀಡಿದ ಪುರುಷರು 90 ದಿನ, ಮಹಿಳೆಯರು 120 ದಿನ ಮತ್ತೆ ನೀಡುವಂತಿಲ್ಲ. ಎಲ್ಲ ಗ್ರಾಮಗಳೂ ಆಗಸ್ಟ್ 15ರಂದೇ ಶಿಬಿರ ನಡೆಸಿದರೆ, ಸೆಪ್ಟೆಂಬರ್ ಅಂತ್ಯಕ್ಕೆ ಬಳಕೆಯಾಗದೆ ಉಳಿದ ಕೆಂಪುಕಣಗಳ ಅವಧಿ ಮುಗಿದಿರುತ್ತದೆ. ಅದೇ ದಾನಿಗಳನ್ನು ನವೆಂಬರ್ ಮಧ್ಯದವರೆಗೆ ಕರೆಯಲಾಗದು. ಈ ನಡುವೆ ಹೆರಿಗೆಯಲ್ಲಿ ತೀವ್ರ ರಕ್ತಸ್ರಾವವಾದ ತಾಯಿಗೆ ರಕ್ತ ದೊರೆಯದೆ ಹೋಗಬಹುದು.

ಆದುದರಿಂದ ಸದಸ್ಯರು ನೆರೆಯ ಪಂಚಾಯತಿಗಳೊಡನೆ ಹಾಗೂ ರಕ್ತನಿಧಿಯೊಡನೆ ಸಮಾಲೋಚಿಸಿ, ಶಿಬಿರಗಳನ್ನು ವರ್ಷವಿಡೀ ಹಂಚಿ ಏರ್ಪಡಿಸುವುದು ಸೂಕ್ತ.