ಕಂಡದ್ದು ಎಡಪುಟಕ್ಕೆ, ಊಹಿಸಿದ್ದು ಬಲಪುಟಕ್ಕೆ

ಡಿಗ್ರಿಗೆ ಭೂವಿಜ್ಞಾನ ತೆಗೆದುಕೊಂಡೆ ಎಂದು ಕೇಳಿ ಸಂತೋಷವಾಯಿತು ಮಗಳೇ. ಮೊದಲ ತಿಂಗಳಲ್ಲೇ ಗಾಬರಿಯಾಗಿದ್ದೀಯ ಅಂತಲೂ ನಿನ್ನ ಅಮ್ಮ ಹೇಳಿದಳು. ಆರ್ಥೋಕ್ಲೇಸ್, ಪ್ಲೇಜಿಯೋಕ್ಲೇಸ್, ಹಾರ್ನ್‌ಬ್ಲೆಂಡ್ ಎಂದು ಹೆಸರುಗಳಿಗೆ ಕೊನೆಯೇ ಇಲ್ಲ. ಟ್ರೇ ತುಂಬ ಕಲ್ಲು ಇಟ್ಟು ಗುರುತಿಸು ಎಂದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಜೊತೆಗೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಇಷ್ಟು ವರ್ಷ ಇದೇ ವಿಷಯ ಪಾಠ ಮಾಡಿದವನಾಗಿ ಹೇಳುತ್ತೇನೆ, ಈ ಗಾಬರಿ ಪಡದ ವಿದ್ಯಾರ್ಥಿಯನ್ನು ನಾನು ನೋಡಿಲ್ಲ. ಹೆಸರು ಉರುಹೊಡೆದು ಮೊದಲ ಸೆಮಿಸ್ಟರ್ ದಾಟಿ, ಎರಡನೆಯದರಲ್ಲಿ ಆಸಕ್ತಿಯನ್ನೇ ಕಳೆದುಕೊಂಡವರನ್ನು ಮಾತ್ರ ಬೇಕಾದಷ್ಟು ನೋಡಿದ್ದೇನೆ. ಅದು ನಿನಗಾಗಬಾರದು.

ಹೆಸರು ಕೊನೆಗೆ ಬರಲಿ. ಬೆಣಚುಕಲ್ಲು ನಿನಗೆ ಗೊತ್ತು. ಅಂಗಳದ ಮಣ್ಣಿನಲ್ಲಿ ಮಿನುಗುವ ಕಾಗೆಬಂಗಾರವೂ ಗೊತ್ತು. ಬೆಣಚು ಗಾಜನ್ನು ಸಲೀಸಾಗಿ ಗೀರುತ್ತದೆ, ಒಡೆದರೆ ಅಡ್ಡಾದಿಡ್ಡಿ ಒಡೆಯುತ್ತದೆ. ಫೆಲ್ಡ್‌ಸ್ಪಾರ್ ಹಾಗಲ್ಲ, ಸಪಾಟಾಗಿ ಒಡೆದು ಬಿಸಿಲಿಗೆ ಹಿಡಿದಾಗ ಥಟ್ಟನೆ ಹೊಳೆಯುತ್ತದೆ. ಇಷ್ಟು ನೋಡಿ ಬರೆದುಕೊಂಡ ಮೇಲೆ ಹೆಸರು ಕೇಳು, ಅದು ಮರೆಯುವುದಿಲ್ಲ. ಮೋಹ್ಸ್ ಕಾಠಿಣ್ಯದ ಪಟ್ಟಿಯಲ್ಲಿ ಟಾಲ್ಕ್ ಯಾಕೆ ಎಲ್ಲಕ್ಕಿಂತ ಕೆಳಗಿದೆ ಎಂದು ತಿಳಿಯಬೇಕಾದರೆ ಬಳಪದ ಕಲ್ಲನ್ನು ಉಗುರಿನಿಂದ ಗೀರು. 1117ರಲ್ಲಿ ಬೇಲೂರಿನ ದೇವಾಲಯ ಕಟ್ಟಿಸಿದಾಗ ಶಿಲ್ಪಿಗಳು ಆರಿಸಿಕೊಂಡದ್ದು ಅಂಥದೇ ಮೆದು ಜಾತಿಯ ಕಲ್ಲು.

ಫೀಲ್ಡ್ ನೋಟ್‌ಬುಕ್ಕಿಗೆ ಒಂದು ಕಟ್ಟುನಿಟ್ಟು ಮಾಡಿಕೋ. ಕಂಡದ್ದು, ಅಳೆದದ್ದು, ಮುಟ್ಟಿ ನೋಡಿದ್ದು ಎಡಪುಟಕ್ಕೆ. ಅದರಿಂದ ನಿನಗೆ ಹೊಳೆದದ್ದು ಬಲಪುಟಕ್ಕೆ. ಎರಡನ್ನೂ ಬೆರೆಸಬೇಡ. ಈ ಕೋರ್ಸಿನಲ್ಲಿ ಕಲಿಯಬೇಕಾದ ದೊಡ್ಡ ವಿದ್ಯೆ ಇದೇ ಎಂದು ನಾನು ನಂಬಿದ್ದೇನೆ.

ಪುಸ್ತಕದಲ್ಲಿ ಧಾರವಾಡ ಶಿಲಾಸಮೂಹದ ಅಧ್ಯಾಯ ಬಂದಾಗ ನಿಧಾನವಾಗಿ ಓದು. ಅಲ್ಲಿ ನಮ್ಮ ಊರುಗಳಿವೆ. ಬಾಬಾಬುಡನ್ ಗುಂಪಿನ ಪದರಗಳಿಗೆ ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ ಎಂದೇ ಹೆಸರು. ಎಲ್ಲಕ್ಕಿಂತ ಕೆಳಗೆ ಚಿಕ್ಕಮಗಳೂರಿನ ಹತ್ತಿರ ಕರ್ತಿಕೆರೆಯಲ್ಲಿ ಬೆಣಚಿನ ಉರುಟು ಗುಂಡುಗಳು ಒತ್ತೊತ್ತಾಗಿ ಅಂಟಿಕೊಂಡ ಕಲ್ಲಿದೆ. ಅದರ ಅಡಿಯಲ್ಲಿರುವ ಬುನಾದಿ ಶಿಲೆಗೆ 300 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಮೇಲೆ, ಮುಳ್ಳಯ್ಯನಗಿರಿಯ ನೆತ್ತಿಯ ಕಡೆ, ಕಬ್ಬಿಣದ ಅದಿರಿನ ಪಟ್ಟೆಪಟ್ಟೆ ಕಲ್ಲು. ಅದು ಸುಮಾರು 272 ಕೋಟಿ ವರ್ಷ ಹಿಂದಿನದು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಕಾಲದಲ್ಲಿ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು ಹಾಸಿಕೊಂಡ ಪದರ ಅದು. ಕರ್ನಾಟಕದಲ್ಲೇ ಎತ್ತರದ ಜಾಗ, ಸುಮಾರು 1,930 ಮೀಟರ್, ಒಂದಾನೊಂದು ಕಾಲದ ಕಡಲ ತಳ!

ಇಷ್ಟು ದೊಡ್ಡ ಕಾಲ ತಲೆಗೆ ಹೋಗುವುದಿಲ್ಲ ಎಂದು ಪ್ರತಿ ವರ್ಷ ಮಕ್ಕಳು ಹೇಳುತ್ತಾರೆ. ಸೊನ್ನೆ ಎಣಿಸಿದರೆ ಹೋಗುವುದೂ ಇಲ್ಲ. 1788ರಲ್ಲಿ ಜೇಮ್ಸ್ ಹಟನ್ ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್‌ನಲ್ಲಿ ಕಂಡದ್ದು ಕೂಡ ವರ್ಷಗಳ ಲೆಕ್ಕವಲ್ಲ. ನೆಟ್ಟಗೆ ನಿಂತ ಹಳೆಯ ಪದರಗಳ ಮೇಲೆ ಓರೆಯಾಗಿ ಮಲಗಿದ ಹೊಸ ಪದರ. ನಡುವೆ ಎಷ್ಟೆಲ್ಲ ನಡೆದಿರಬೇಕು ಎಂದು ಅವನು ಅಲ್ಲಿಯೇ ನಿಂತು ಯೋಚಿಸಿದ. ನೀನೂ ಕರ್ತಿಕೆರೆಯ ಉರುಟು ಗುಂಡನ್ನು ನೋಡುತ್ತ ಹಾಗೆಯೇ ಯೋಚಿಸು: ಎಲ್ಲೋ ಬೆಟ್ಟವಿತ್ತು, ಅದು ಸವೆಯಿತು, ಹೊಳೆ ಈ ಕಲ್ಲನ್ನು ಉರುಳಿಸಿ ನುಣ್ಣಗೆ ಮಾಡಿತು, ಇಲ್ಲಿಗೆ ತಂದು ಹಾಕಿತು.

ಟೋಪೋಶೀಟ್ ಕೊಟ್ಟಾಗ ಮಲೆನಾಡಿನ ಮಕ್ಕಳು ಹೆದರಬೇಕಾಗಿಲ್ಲ. ಸಮೋನ್ನತ ರೇಖೆಗಳು ಒತ್ತಿಕೊಂಡಲ್ಲಿ ಕಡಿದು, ದೂರ ಸರಿದಲ್ಲಿ ಗದ್ದೆ ಬಯಲು. ನಿಮ್ಮ ತೋಟವನ್ನು ಹುಡುಕಿ ಹಳ್ಳದ ಗೆರೆಗೆ ನೀಲಿ ಬಳಿ. ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಪೂರ್ವಕ್ಕೆ ಹೋಗುತ್ತದೆ, ಕುದುರೆಮುಖದ ಸಾಲಿನಲ್ಲಿ ಹುಟ್ಟುವ ನೇತ್ರಾವತಿ ಪಶ್ಚಿಮಕ್ಕೆ ಇಳಿಯುತ್ತದೆ. ಎರಡನ್ನೂ ಬೇರೆ ಮಾಡುವ ನೀರಿನ ಗಡಿಯನ್ನು ನಿನ್ನ ಕೈಯಾರೆ ಎಳೆದು ನೋಡು.

ಈಗ ಕಷ್ಟದ ಮಾತಿಗೆ ಬರುತ್ತೇನೆ. 2019ರ ಆಗಸ್ಟಿನಲ್ಲಿ ನೀನು ಚಿಕ್ಕವಳು. ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿಯ ಕಡೆ ಗುಡ್ಡ ಜಾರಿ ಮನೆ, ಗದ್ದೆ, ಕಾಫಿ ಗಿಡ ಎಲ್ಲ ಹೋಯಿತು. ಚಾರ್ಮಾಡಿ ಘಾಟಿ ಮುಚ್ಚಿತು. ಮರುದಿನದಿಂದಲೇ ಎಲ್ಲರ ಬಾಯಲ್ಲೂ ಕಾರಣ ಸಿದ್ಧವಾಗಿತ್ತು: ಮಳೆ, ಹೋಮ್‌ಸ್ಟೇ, ಜೆಸಿಬಿ, ಕಾಡು ಕಡಿದದ್ದು. ಎಲ್ಲದರಲ್ಲೂ ಒಂದಿಷ್ಟು ಸತ್ಯವಿರಬಹುದು, ಆದರೆ ಅವೆಲ್ಲ ಬಲಪುಟದ ಮಾತು. ಎಡಪುಟಕ್ಕೆ ಬೇಕಾದದ್ದು ಬೇರೆ: ಎಷ್ಟು ದಿನದಲ್ಲಿ ಎಷ್ಟು ಇಂಚು ಮಳೆ ಬಿತ್ತು? ಧರೆ ಎಷ್ಟು ಎತ್ತರಕ್ಕೆ ಕಡಿದಿದ್ದರು? ಜಾರುವ ಮೊದಲು ಜಲ ಎಲ್ಲಿ ಎದ್ದಿತ್ತು, ನೀರು ಕೆಂಪಾಗಿತ್ತೇ? ಗುಡ್ಡದ ಮೇಲೆ ಬಿರುಕು ಬಿಟ್ಟಿತ್ತೇ, ಮರ ವಾಲಿತ್ತೇ? ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತದೆ ಎಂದು ಪುಸ್ತಕದಲ್ಲಿ ಒಂದು ಸಾಲು ಓದುತ್ತೀಯಲ್ಲ, ನಮ್ಮ ಗುಡ್ಡಗಳಲ್ಲಿ ಗಟ್ಟಿ ಬಂಡೆಯ ಮೇಲೆ ದಪ್ಪಗೆ ಕೂತಿರುವುದು ಅಂಥ ಮಣ್ಣೇ. ಅದರೊಳಗೆ ನೀರು ತುಂಬಿ ಒತ್ತಡ ಏರಿದಾಗ ಹಿಡಿತ ತಪ್ಪುತ್ತದೆ. ತೋಟದ ತೊಟ್ಟಿಲು ಗುಂಡಿ ಬೇಸಿಗೆಗೆ ನೀರು ಹಿಡಿದಿಡುತ್ತದೆ ನಿಜ. ಕಡಿದಾದ ಇಳಿಜಾರಿನ ನೆತ್ತಿಯಲ್ಲಿ, ಆಶ್ಲೇಷಾ ಮಳೆ ಬಿಡದೆ ಹೊಯ್ಯುವಾಗ, ನೀರು ಇಂಗಿಸಬೇಕೋ ಹರಿಯಬಿಡಬೇಕೋ? ಈ ಪ್ರಶ್ನೆಯನ್ನು ನಿಮ್ಮ ಮೇಷ್ಟ್ರ ಮುಂದಿಡು.

ಕುದುರೆಮುಖದ ವಿಷಯದಲ್ಲೂ ಹೀಗೇ ಇರು. 2005ರ ಕೊನೆಗೆ ಗಣಿ ನಿಂತಿತು. ಕೆಲಸ ಹೋಯಿತೆಂದು ನೊಂದವರು, ಭದ್ರೆ ಉಳಿದಳೆಂದು ಸಮಾಧಾನಪಟ್ಟವರು ಇಬ್ಬರೂ ನಮ್ಮ ನೆಂಟರಲ್ಲೇ ಇದ್ದಾರೆ. ಅವರ ಮಧ್ಯೆ ವಾದಕ್ಕೆ ಇಳಿಯುವ ಮೊದಲು ಅದಿರಿನಲ್ಲಿ ಕಬ್ಬಿಣ ಎಷ್ಟಿತ್ತು, ಉಳಿದ ಹೂಳನ್ನು ಲಕ್ಯಾ ಅಣೆಕಟ್ಟಿನ ಹಿಂದೆ ಯಾಕೆ ನಿಲ್ಲಿಸಬೇಕಾಯಿತು ಎಂದು ತಿಳಿದುಕೋ.

ಫೀಲ್ಡ್ ಟ್ರಿಪ್ ತಪ್ಪಿಸಬೇಡ. ಹೆಣ್ಣುಮಗಳು ಬೆಟ್ಟಗುಡ್ಡ ಅಲೆಯುವುದು ಬೇಡ ಎಂದು ನಿನ್ನ ಅಪ್ಪ ಅಂದರೆ ನಾನು ಅವನ ಹತ್ತಿರ ಮಾತಾಡುತ್ತೇನೆ. ಇಂಬಳಕ್ಕೆ ಹೆದರುವ ಪೇಟೆಯ ಗೆಳತಿಯರಿಗೆ ನೀನೇ ಧೈರ್ಯ ಹೇಳು. ಹಿಡಿಮಸೂರ ಒಂದು ಸ್ವಂತದ್ದು ಇರಲಿ, ಕಾಲೇಜಿನದನ್ನು ನೆಚ್ಚಬೇಡ. ಕೆಲಸ ಸಿಗುತ್ತದೋ ಎಂದು ಕೇಳುವವರಿಗೆ, ಗಣಿ ಮತ್ತು ಭೂವಿಜ್ಞಾನ ಇಲಾಖೆ, ಅಂತರ್ಜಲದ ಕೆಲಸ, ಎಂ.ಎಸ್ಸಿ. ಮುಗಿಸಿದರೆ ಯುಪಿಎಸ್‌ಸಿಯ ಭೂವಿಜ್ಞಾನಿಗಳ ಪರೀಕ್ಷೆ ಇವೆ ಎಂದು ಹೇಳು.

ಇನ್ನು ಕಳಸದ ನಿನ್ನ ಅಜ್ಜಯ್ಯ. ಅವರು ತೋಟದ ಮಳೆಮಾಪಕ ನೋಡಿ ದಿನಾ ಬೆಳಿಗ್ಗೆ ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಟ್ಟ ಪುಸ್ತಕಗಳು ಅಟ್ಟದಲ್ಲಿವೆ. ಹೂಮಳೆ ಯಾವಾಗ ಬಂತು, ಹೆಬ್ಬಾಳೆ ಸೇತುವೆ ಯಾವ ದಿನ ಮುಳುಗಿತು, ಎಲ್ಲವೂ ಅದರಲ್ಲಿದೆ. ನಿನ್ನ ಎಡಪುಟ ಅವರು ಆಗಲೇ ಬರೆದಿಟ್ಟಿದ್ದಾರೆ. ಗೆದ್ದಲು ಹಿಡಿಯುವ ಮೊದಲು ಈ ರಜೆಯಲ್ಲಿ ಅವರ ಪಕ್ಕ ಕೂತು ಒಂದೊಂದೇ ಪುಟ ಕಂಪ್ಯೂಟರಿಗೆ ಹಾಕು. ಅರ್ಥವಾಗದ ಗುರುತು ಬಂದರೆ ಅವರನ್ನೇ ಕೇಳು. 2019ರ ಆಗಸ್ಟಿನಿಂದ ಶುರು ಮಾಡು.