ಕಪ್ಪು ಕಲ್ಲೆಲ್ಲ ಒಂದೇ ಅಲ್ಲ

ಭೂಮಿಯೊಳಗಿನ ಕರಗಿದ ಕಲ್ಲು ಹೊರಗೆ ಉಕ್ಕಿ ಬೇಗ ಆರಿದರೆ ಸಣ್ಣ ಹರಳಿನ ಜ್ವಾಲಾಮುಖಿ ಶಿಲೆ. ಒಳಗೇ ನಿಧಾನ ಆರಿದರೆ ಗ್ರಾನೈಟಿನಂಥ ದಪ್ಪ ಹರಳಿನ ಶಿಲೆ. ಜ್ವಾಲಾಮುಖಿ ಶಿಲೆಯಲ್ಲಿ ಸಿಲಿಕಾ ಕಡಿಮೆ ಇದ್ದದ್ದು ಕಪ್ಪು ಬಸಾಲ್ಟ್, ಹೆಚ್ಚಿದ್ದದ್ದು ತಿಳಿ ಬಣ್ಣದ ರಯೋಲೈಟ್, ನಡುವಿನದು ಆಂಡೆಸೈಟ್.

ವಿಜಯಪುರದ ಕಡೆ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಬಸಾಲ್ಟ್ ಪದರು ಪದರಾಗಿ ಐತಿ. ಪದರಿನ ಸಂದಿಯಲ್ಲಿ, ಸವೆದ ತೂತುಗಲ್ಲಿನಲ್ಲಿ ನೀರು ನಿಲ್ಲತೈತಿ.

ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರದಾಗ ಹಾಗಲ್ಲ. ಇಲ್ಲಿಯದು ಹೆಚ್ಚಾಗಿ 250 ಕೋಟಿ ವರ್ಷಕ್ಕೂ ಹಳೆಯ ಶಿಲೆ. ಧಾರವಾಡ ಶಿಲೆಯ ಹಳೇ ಲಾವಾ ಒತ್ತಡ, ಕಾವಿಗೆ ಮಡಚಿ ರೂಪವೇ ಬದಲಾಗೈತಿ. ನೀರು ಸಿಗೂದು ಮೇಲಿನ ಸಡಿಲ ಕಲ್ಲಿನಾಗ, ಕೆಳಗಿನ ಬಿರುಕಿನಾಗ. ಅಲ್ಲಿಯ ಲೆಕ್ಕ ಹಿಡಿದು ಇಲ್ಲಿ ಬೋರು ಹೊಡೆಸಬ್ಯಾಡ್ರಿ. ಮೊದಲು ಹತ್ತಿರದ ಬಾವಿಯ ಕಲ್ಲು ನೋಡ್ರಿ.