ಡೋಡೊ ನಿಜಕ್ಕೂ ಅಷ್ಟು ದಪ್ಪಗಿತ್ತೇ?

ಪ್ರಶ್ನೆ: ನಮ್ಮ ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ಅಳಿದುಹೋದ ಪ್ರಾಣಿಗಳ ಚಿತ್ರ ಬರೆಸಬೇಕೆಂದಿದ್ದೇವೆ. ಡೋಡೊ ಹಕ್ಕಿಯನ್ನು ಹುಡುಕಿದರೆ ಒಂದು ಚಿತ್ರದಲ್ಲಿ ಡೊಳ್ಳುಹೊಟ್ಟೆ, ಇನ್ನೊಂದರಲ್ಲಿ ತೆಳು ಮೈ; ಒಂದರಲ್ಲಿ ಬೂದು, ಇನ್ನೊಂದರಲ್ಲಿ ಕಂದು. ಯಾವುದನ್ನು ನಂಬುವುದು? ಸರಿಯಾಗಿ ಗೊತ್ತಿಲ್ಲದ್ದನ್ನು ಮಕ್ಕಳಿಗೆ ತೋರಿಸಬಹುದೇ?
– ಒಬ್ಬ ಶಿಕ್ಷಕಿ, ಗದಗ ಜಿಲ್ಲೆ

ಉತ್ತರ: ಖಂಡಿತ ತೋರಿಸಿ. ಆದರೆ ಯಾವ ಚಿತ್ರ, ಯಾರು ಏನನ್ನು ನೋಡಿ ಬರೆದದ್ದು ಎಂದು ಮೊದಲು ಕೇಳಿಕೊಳ್ಳಿ.

ಡಚ್ ನಾವಿಕರು 1598ರಲ್ಲಿ ಮಾರಿಷಸ್ ದ್ವೀಪದಲ್ಲಿ ಇಳಿದಾಗ ಡೋಡೊ ಅಲ್ಲಿ ಓಡಾಡಿಕೊಂಡಿತ್ತು. ನೂರು ವರ್ಷ ತುಂಬುವ ಮೊದಲೇ ಇಲ್ಲವಾಯಿತು. ನಮ್ಮೆಲ್ಲರ ಮನಸ್ಸಿನಲ್ಲಿ ಕೂತಿರುವ ದಪ್ಪ ಡೋಡೊ ಬಹುಮಟ್ಟಿಗೆ ರೋಲಾಂಟ್ ಸಾವೆರಿ ಎಂಬ ಕಲಾವಿದನ ಕೊಡುಗೆ. ಅವನು 1626ರ ಸುಮಾರಿಗೆ ಆ ಚಿತ್ರ ಬರೆದ, ಮಾರಿಷಸ್ಸಿಗೆ ಹೋದವನಲ್ಲ. ಪಂಜರದಲ್ಲಿ ಕೂತು ತಿಂದು ಕೊಬ್ಬಿದ ಹಕ್ಕಿಯೋ, ಒಳಗೆ ಏನನ್ನೋ ತುರುಕಿ ಉಬ್ಬಿಸಿದ ಚರ್ಮವೋ ಇಂಥ ಚಿತ್ರಗಳಿಗೆ ಮಾದರಿಯಾಗಿರಬೇಕು ಎಂದು ಅನೇಕ ತಜ್ಞರು ಭಾವಿಸುತ್ತಾರೆ.

1865ರಲ್ಲಿ ಮಾರಿಷಸ್ಸಿನ ಒಂದು ಜೌಗುನೆಲದಲ್ಲಿ ಡೋಡೊ ಮೂಳೆಗಳು ರಾಶಿಯಾಗಿ ಸಿಕ್ಕವು. ಲಂಡನ್ನಿನ ಹೆಸರಾಂತ ವಿಜ್ಞಾನಿ ರಿಚರ್ಡ್ ಓವೆನ್ ಅವುಗಳನ್ನು ಜೋಡಿಸುವಾಗ ಸಾವೆರಿಯ ಚಿತ್ರದ ಹೊರಗೆರೆಯನ್ನೇ ಆಧಾರ ಮಾಡಿಕೊಂಡು, ಅದರೊಳಗೆ ಅಸ್ಥಿಪಂಜರವನ್ನು ಕೂರಿಸಿದ. ಮೂಳೆ ನೋಡಿ ಚಿತ್ರವನ್ನು ತಿದ್ದಬೇಕಿತ್ತು. ಚಿತ್ರ ನೋಡಿ ಮೂಳೆಯನ್ನು ಬಗ್ಗಿಸಿದಂತಾಯಿತು. ಕೆಲವು ವರ್ಷಗಳ ಮೇಲೆ ಅವನೇ ತಪ್ಪು ತಿದ್ದಿ ಹಕ್ಕಿಯನ್ನು ನೆಟ್ಟಗೆ ನಿಲ್ಲಿಸಿದ. ಅಷ್ಟರಲ್ಲಿ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕತೆಪುಸ್ತಕದ ಚಿತ್ರ ಡುಮ್ಮ ಡೋಡೊವನ್ನು ಮನೆಮನೆಗೆ ಮುಟ್ಟಿಸಿಯಾಗಿತ್ತು.

ನನ್ನನ್ನು ಕೇಳಿದರೆ ನೀವು ಇನ್ನೊಂದು ಚಿತ್ರವನ್ನು ಎದುರಿಗಿಟ್ಟುಕೊಳ್ಳಬೇಕು. ಅದು ನಮ್ಮ ನೆಲದ್ದೇ. ಮೊಘಲ್ ದೊರೆ ಜಹಾಂಗೀರನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಬರೆದದ್ದೆಂದು ನಂಬಲಾಗಿರುವ ಈ ಚಿತ್ರ ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಆ ಕಾಲದಲ್ಲಿ ಸೂರತ್ತಿಗೆ ಜೀವಂತ ಡೋಡೊಗಳು ಬಂದಿದ್ದವು. ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಅಲ್ಲಿ ಎರಡನ್ನು ಕಂಡದ್ದಾಗಿ ಬರೆದಿದ್ದಾನೆ. ಚಿತ್ರದ ನಡುವೆ ಕಂದು ಬಣ್ಣದ, ಅಷ್ಟೇನೂ ದಪ್ಪವಲ್ಲದ ಡೋಡೊ. ಸುತ್ತ ಬೇರೆ ಹಕ್ಕಿಗಳು. ಅವುಗಳಲ್ಲೊಂದು ಪಟ್ಟೆತಲೆ ಹೆಬ್ಬಾತು. ಚಳಿಗಾಲದಲ್ಲಿ ನಿಮ್ಮ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುತ್ತದಲ್ಲ, ಅದೇ! ಈ ಹೆಬ್ಬಾತನ್ನು ನಾವು ಇಂದಿಗೂ ಚಿತ್ರದ ಪಕ್ಕದಲ್ಲಿಟ್ಟು ತಾಳೆ ನೋಡಬಹುದು, ಅದು ತಾಳೆಯಾಗುತ್ತದೆ. ಕಂಡ ಹಕ್ಕಿಗಳನ್ನು ಇಷ್ಟು ನಿಷ್ಠೆಯಿಂದ ಬರೆದ ಕೈ ಡೋಡೊವನ್ನೂ ಹಾಗೆಯೇ ಬರೆದಿರಬೇಕು ಎಂಬ ನಂಬಿಕೆಗೆ ಬಲ ಬರುವುದು ಇಲ್ಲಿಂದಲೇ.

ಗೋಡೆಗೆ ಡೈನೋಸಾರನ್ನೂ ಬರೆಸುವುದಾದರೆ, ಅದರ ವಿಷಯದಲ್ಲಿ ಕಂಡವರ ಸಾಕ್ಷಿಯೇ ಇಲ್ಲ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ 1854ರಲ್ಲಿ ನಿಲ್ಲಿಸಿದ ಇಗ್ವಾನೊಡಾನ್ ಎಂಬ ಡೈನೋಸಾರ್‌ನ ಪ್ರತಿಮೆಗೆ ಮೂಗಿನ ಮೇಲೊಂದು ಕೊಂಬಿದೆ. 1878ರಲ್ಲಿ ಬೆಲ್ಜಿಯಂನ ಕಲ್ಲಿದ್ದಲು ಗಣಿಯಲ್ಲಿ ಇಡೀ ಅಸ್ಥಿಪಂಜರಗಳು ಸಿಕ್ಕ ಮೇಲೆ, ಅದು ಕೊಂಬಲ್ಲ, ಹೆಬ್ಬೆರಳಿನ ಮುಳ್ಳು ಎಂದು ತಿಳಿಯಿತು. ಆ ಪ್ರತಿಮೆಯನ್ನು ಒಡೆದು ಹಾಕಲಿಲ್ಲ, ಇಂದಿಗೂ ಅಲ್ಲೇ ಇದೆ. ಒಳ್ಳೆಯದೇ ಆಯಿತು. ಇನ್ನು ಬಣ್ಣ: ಚೀನಾದಲ್ಲಿ ಸಿಕ್ಕ ಸೈನೋಸಾರಾಪ್ಟೆರಿಕ್ಸ್ ಎಂಬ ಡೈನೋಸಾರ್‌ನ ಪಳೆಯುಳಿಕೆಯಲ್ಲಿ ಬಣ್ಣದ ಸೂಕ್ಷ್ಮಕಣಗಳನ್ನು ಗುರುತಿಸಿ, ಅದರ ಬಾಲಕ್ಕೆ ಕೆಂಗಂದು ಪಟ್ಟೆಗಳಿದ್ದವೆಂದು 2010ರಲ್ಲಿ ತೋರಿಸಿದರು. ಹೀಗೆ ಬಣ್ಣ ಪತ್ತೆಯಾದವು ಕೆಲವೇ. ಉಳಿದವುಗಳ ಬಣ್ಣ ಕಲಾವಿದರ ಊಹೆ.

ಫೋನಿನಲ್ಲಿ ಎಐ ಬರೆದುಕೊಡುವ ಚಿತ್ರವನ್ನು ಮಾತ್ರ ನೇರವಾಗಿ ಗೋಡೆಗೆ ಏರಿಸಬೇಡಿ. ಅದು ಮೂಳೆ ಪರೀಕ್ಷಿಸಿ ಬರೆಯುವುದಿಲ್ಲ, ಈಗಾಗಲೇ ಇರುವ ಚಿತ್ರಗಳಿಂದ ಕಲಿತು ಬರೆಯುತ್ತದೆ. ಸಾವೆರಿಯ ಡುಮ್ಮ ಹಕ್ಕಿ ಅಲ್ಲಿ ಮತ್ತೆ ಮತ್ತೆ ಹುಟ್ಟಿ ಬರುತ್ತದೆ.

ಡೋಡೊ ಸುಮಾರು ಮುಕ್ಕಾಲು ಮೀಟರ್ ಎತ್ತರದ ಹಕ್ಕಿ. ಪಕ್ಕದಲ್ಲಿ ಅದೇ ಅಳತೆಯಲ್ಲಿ ನಿಮ್ಮ ಒಂದನೇ ತರಗತಿಯ ಮಗುವೊಂದನ್ನು ಬರೆಸಿ, ಗಾತ್ರ ತಾನಾಗಿ ತಿಳಿಯುತ್ತದೆ. ಚಿತ್ರದ ಕೆಳಗೆ ಎರಡು ಸಾಲು ಇರಲಿ: ಮೂಳೆಯಿಂದ ತಿಳಿದದ್ದು ಇಷ್ಟು, ಊಹೆ ಇಷ್ಟು. ಬರೆಸಿದ ವರ್ಷವನ್ನೂ ತಪ್ಪದೆ ಹಾಕಿ, ಸ್ವಲ್ಪ ಜಾಗ ಖಾಲಿ ಬಿಡಿ. ಮುಂದೆ ಹೊಸ ಸಂಗತಿ ಗೊತ್ತಾದಾಗ ನಿಮ್ಮ ಮಕ್ಕಳೇ ಅಲ್ಲಿ ತಿದ್ದಿ ಬರೆಯಲಿ.